ಜೈಸಲ್ಮೇರ್ ಮರಳುಗಾಡಲ್ಲಿ ಕಲ್ಲಾದ ಮರ, ಶಾರ್ಕ್ ಹಲ್ಲು, ಡೈನೋಸಾರ್: ಹೋದ್ರೆ ಏನೇನು ನೋಡ್ಬಹುದು?

ಅಲೆಮಾರಿ_ಮೈಸೂರು

ಎಲ್ರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಫ್ಯಾಮಿಲಿ ಜೊತೆ ರಾಜಸ್ಥಾನ ಟ್ರಿಪ್ ಇದೆ, ಜೋಧಪುರದವರೆಗೆ ಫ್ಲೈಟು, ಅಲ್ಲಿಂದ ಪೋಖ್ರಾನ್ ಮೇಲೆ ಟ್ಯಾಕ್ಸಿಲಿ ಜೈಸಲ್ಮೇರ್. ಟೂರ್‌ನವರು ಎಲ್ರಿಗೂ ಕೊಡೋ ಲಿಸ್ಟೇ ನಮಗೂ ಕೊಟ್ಟಿದಾರೆ, ಕೋಟೆ, ಪಟ್ವೋಂ ಕೀ ಹವೇಲಿ, ಬಡಾ ಬಾಗ್, ಕುಲಧರಾ, ಸಂಜೆ ಸಮ್ ಮರಳುದಿಬ್ಬದಲ್ಲಿ ಒಂಟೆ ಸವಾರಿ. ಮಗಳು ಏಳನೇ ಕ್ಲಾಸು, ಡೈನೋಸಾರ್ ಅಂದ್ರೆ ಊಟ ನಿದ್ದೆ ಬಿಡ್ತಾಳೆ, ಅವಳು ಎಲ್ಲೋ ಓದ್ಕೊಂಡು ಬಂದು ಜೈಸಲ್ಮೇರ್ ಪಕ್ಕದಲ್ಲೇ ಥಾರೋಸಾರಸ್ ಅನ್ನೋ ಡೈನೋಸಾರ್ ಸಿಕ್ಕಿದೆ, ಶಾರ್ಕ್ ಹಲ್ಲು ಸಿಕ್ಕಿದೆ, ಅಕಲ್ ಅನ್ನೋ ಊರಲ್ಲಿ ದೊಡ್ಡ ದೊಡ್ಡ ಮರಗಳು ಕಲ್ಲಾಗಿ ಬಿದ್ದಿವೆ, ಅದನ್ನ ನೋಡ್ದೆ ವಾಪಸ್ ಬರಲ್ಲ ಅಂತ ಹಠ ಹಿಡಿದಿದಾಳೆ.

ನಂಗೆ ಅರ್ಥ ಆಗದೇ ಇರೋದು, ಮಳೆನೇ ಇಲ್ದಿರೋ ಜಾಗದಲ್ಲಿ ಕಾಡು ಎಲ್ಲಿಂದ ಬಂತು, ಸಮುದ್ರ ಎಲ್ಲಿಂದ ಬಂತು? ಎರಡೂ ಒಂದೇ ಕಡೆ ಹೇಗೆ? ಅಕಲ್ ನಿಜವಾಗ್ಲೂ ಅರ್ಧ ದಿನ ಕೊಡೋಷ್ಟು ಇದೆಯಾ, ಡೈನೋಸಾರ್ ಮೂಳೆ ಎಲ್ಲಾದ್ರೂ ಇಟ್ಟಿದಾರಾ? ಇನ್ನೊಂದು, ಅಲ್ಲಿ ಹಾಬೂರ್ ಕಲ್ಲು ಅಂತ ಬಟ್ಟಲು ಮಾರ್ತಾರಂತೆ, ಅದರಲ್ಲಿ ಹಾಲು ಇಟ್ರೆ ಹೆಪ್ಪು ಹಾಕ್ದೇನೆ ಮೊಸರಾಗುತ್ತಂತೆ, ಅದೂ ಫಾಸಿಲ್ ಕಲ್ಲೇ ಅಂತೆ. ಗೊತ್ತಿರೋರು ದಯವಿಟ್ಟು ಹೇಳಿ.

ಶಿಲಾಪದರ

ಮಗಳ ಹಠಕ್ಕೆ ನನ್ನ ಪೂರ್ತಿ ಬೆಂಬಲ. ಜಿಯಾಲಜಿ ಎಂಎಸ್ಸಿ ಮಾಡುವಾಗ ಫೀಲ್ಡ್‌ವರ್ಕ್‌ಗೆ ಆ ಕಡೆ ಹೋಗಿದ್ದು, ಆವತ್ತಿಂದ ಆ ಕಲ್ಲುಗಳ ಹುಚ್ಚು ಬಿಟ್ಟಿಲ್ಲ, ಹಾಗಾಗಿ ಉದ್ದ ಬರೀತೀನಿ, ಸಮಾಧಾನದಿಂದ ಓದಿ.

ಮೊದಲು ಮರಳುಗಾಡು ಅನ್ನೋದನ್ನ ತಲೆಯಿಂದ ತೆಗೆದುಬಿಡಿ. ಥಾರ್ ಮರಳಿನ ವಯಸ್ಸು ಲಕ್ಷದ ಲೆಕ್ಕದಲ್ಲಿ ಮುಗಿಯುತ್ತೆ, ಅದರ ಕೆಳಗಿರೋ ಕಲ್ಲಿಂದು ಕೋಟಿ ಲೆಕ್ಕ, ಎರಡಕ್ಕೂ ಸಂಬಂಧನೇ ಇಲ್ಲ. ಜುರಾಸಿಕ್ ಕಾಲದ ಶುರುವಿನಲ್ಲಿ, ಅಂದ್ರೆ ಹೆಚ್ಚುಕಮ್ಮಿ 18 ಕೋಟಿ ವರ್ಷದ ಹಿಂದೆ, ನಮ್ಮ ದೇಶದ ನೆಲ ಭೂಮಧ್ಯ ರೇಖೆಯಿಂದ ದಕ್ಷಿಣಕ್ಕೆ ಇತ್ತು, ಆಫ್ರಿಕಾ ಮಡಗಾಸ್ಕರ್ ಎಲ್ಲಾ ಅಂಟಿಕೊಂಡೇ ಇದ್ವು, ಹಿಮಾಲಯದ ಹೆಸರೇ ಇರಲಿಲ್ಲ. ಈಗಿನ ಜೈಸಲ್ಮೇರ್ ಇರೋ ಜಾಗದಲ್ಲಿ ನದಿಗಳು ಹರಿದು ಮರಳು ತಂದು ಸುರೀತಿದ್ವು, ದಡದಲ್ಲಿ ಕಾಡು. ಆ ನದಿ ಮರಳು ಗಟ್ಟಿಯಾಗಿ ಆಗಿರೋದೇ ಲಾಠಿ ಫಾರ್ಮೇಶನ್, ಫಾರ್ಮೇಶನ್ ಅಂದ್ರೆ ಹೆಸರಿಟ್ಟು ಗುರುತಿಸಿರೋ ಕಲ್ಲಿನ ದೊಡ್ಡ ಪದರ. ಪೋಖ್ರಾನ್ ದಾಟಿದ ಮೇಲೆ ಹೈವೇಲಿ ಲಾಠಿ ಅಂತ ಊರು ಬರುತ್ತೆ, ಅದರ ಹೆಸರೇ ಇಟ್ಟಿದಾರೆ. ಅಕಲ್ ಮರಗಳು ಈ ಪದರದವು.

ಆಮೇಲೆ ಟೆಥಿಸ್ ಅನ್ನೋ ಸಮುದ್ರ ಒಳಗೆ ನುಗ್ತು. ನದಿ ಇದ್ದ ಜಾಗ ಕರಾವಳಿ ಆಯ್ತು, ನಂತರ ಆಳ ಇಲ್ದಿರೋ ಬೆಚ್ಚಗಿನ ಸಮುದ್ರ ಆಯ್ತು, ಚಿಪ್ಪು, ಹವಳ, ಸುಣ್ಣದ ಕೆಸರು ಎಲ್ಲಾ ತಳದಲ್ಲಿ ಕೂತ್ಕೊಂಡು ಸುಣ್ಣಕಲ್ಲಾಯ್ತು, ಇದು ಜೈಸಲ್ಮೇರ್ ಫಾರ್ಮೇಶನ್, ಮಧ್ಯ ಜುರಾಸಿಕ್. ಅದರ ಮೇಲೆ ಬೈಸಾಖಿ, ಭಾದಾಸರ್, ಪರಿವಾರ್ ಅಂತ ಪದರಗಳು, ಕೊನೆಗೆ ಹಾಬೂರ್, ಅದು ಜುರಾಸಿಕ್ ಆದ್ಮೇಲೆ ಬಂದ ಕ್ರಿಟೇಶಿಯಸ್ ಕಾಲದ್ದು, ಸಮುದ್ರ ಮತ್ತೊಂದ್ಸಲ ಬಂದು ಹೋದಾಗಿನದು. ಹಾಗಾಗಿ ಕಾಡೂ ನಿಜ, ಸಮುದ್ರಾನೂ ನಿಜ, ಒಂದೇ ಜಾಗ ಆದ್ರೆ ಒಂದೇ ಕಾಲ ಅಲ್ಲ.

ಇನ್ನೊಂದು ಚೆಂದ ಏನಂದ್ರೆ ಈ ಪದರಗಳೆಲ್ಲಾ ವಾಯವ್ಯಕ್ಕೆ ತುಸುವೇ ವಾಲಿಕೊಂಡಿವೆ, ಇಸ್ಪೀಟ್ ಎಲೆಗಳನ್ನ ಸ್ವಲ್ಪ ಸ್ವಲ್ಪ ಜಾರಿಸಿ ಹರಡಿಟ್ಟ ಹಾಗೆ, ಅದಕ್ಕೇ ಆಗ್ನೇಯದಿಂದ ವಾಯವ್ಯಕ್ಕೆ ಹೋಗ್ತಾ ಹೋಗ್ತಾ ಹಳೇದರಿಂದ ಹೊಸದಕ್ಕೆ ಬರ್ತೀವಿ. ನಿಮ್ಮ ಟ್ಯಾಕ್ಸಿ ರೂಟೇ ಹಾಗಿದೆ ನೋಡಿ. ಜೋಧಪುರದ ಮೆಹ್ರಾನ್‌ಗಢ ಕೂತಿರೋದು ಸುಮಾರು 75 ಕೋಟಿ ವರ್ಷದ ಮಲಾನಿ ಜ್ವಾಲಾಮುಖಿ ಕಲ್ಲಿನ ಮೇಲೆ, ಪೋಖ್ರಾನ್ ದಾಟಿದ್ಮೇಲೆ ಲಾಠಿಯ ಮರಳುಗಲ್ಲು, ಥಯಾತ್ ಹತ್ರ ಲಾಠಿ ಮುಗಿಯೋ ಅಂಚು, ಆಮೇಲೆ ಜೈಸಲ್ಮೇರ್ ಸುಣ್ಣಕಲ್ಲು. ಆ ಥಯಾತ್ ದಿಣ್ಣೆಲಿ 2014ರಲ್ಲಿ, ಜೈಪುರದಲ್ಲಿ ಜುರಾಸಿಕ್ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದು ವಿಜ್ಞಾನಿಗಳೆಲ್ಲಾ ಫೀಲ್ಡ್‌ಗೆ ಬಂದಾಗ, ಮೂರು ಬೆರಳಿನ ಡೈನೋಸಾರ್ ಹೆಜ್ಜೆ ಗುರುತು ಸಿಕ್ತು, ಒಂದು ಸುಮಾರು 30 ಸೆಂಟಿಮೀಟರ್, ಇನ್ನೊಂದು 5 ಸೆಂಟಿಮೀಟರ್ ಆಸುಪಾಸು ಅಷ್ಟೇ. ದೊಡ್ಡದಕ್ಕೆ ಯೂಬ್ರಾಂಟಿಸ್, ಚಿಕ್ಕದಕ್ಕೆ ಗ್ರಾಲೇಟರ್ ಅಂತ ಹೆಸರು, ಇವು ಹೆಜ್ಜೆಗೆ ಕೊಡೋ ಹೆಸರು, ಪ್ರಾಣಿಗಲ್ಲ. ಎರಡೂ ಮಾಂಸಾಹಾರಿಗಳದ್ದು. ನಿಮ್ಮ ಮಗಳ ಅಂಗೈಗಿಂತ ಚಿಕ್ಕ ಪಾದದ ಡೈನೋಸಾರ್ ಒದ್ದೆ ನೆಲದ ಮೇಲೆ ಓಡಾಡಿದೆ ಅಂತ ಹೇಳಿ ಅವಳಿಗೆ.

ಈಗ ನಿಮ್ಮ ಟೂರ್ ಲಿಸ್ಟ್‌ಗೆ ಬರೋಣ. ಜೈಸಲ್ಮೇರ್ ಫಾರ್ಮೇಶನ್‌ನ ಒಳಗೆ ಮತ್ತೆ ಚಿಕ್ಕ ಪದರಗಳಿವೆ, ಕೆಳಗಿಂದ ಮೇಲಕ್ಕೆ ಹಮೀರಾ, ಜೋಯನ್, ಫೋರ್ಟ್, ಬಡಾ ಬಾಗ್, ಕುಲ್ಧರ್, ಜಾಜಿಯಾ. ನೋಡಿದ್ರಾ? ಕೋಟೆ, ಬಡಾ ಬಾಗ್, ಕುಲಧರಾ ಮೂರೂ ನಿಮ್ಮ ಲಿಸ್ಟ್‌ನಲ್ಲಿವೆ. ಟೂರಿಸ್ಟ್‌ಗಳು ದಿನಾ ಹೋಗೋ ಜಾಗಗಳೇ ಈ ಪದರಗಳಿಗೆ ಹೆಸರು ಕೊಟ್ಟಿರೋ ಜಾಗಗಳು, ಆದ್ರೆ ಗೈಡ್‌ಗಳು ರಾಜರ ಕಥೆ ಹೇಳಿ ಮುಗಿಸ್ತಾರೆ, ಕಾಲಡಿ ಕಲ್ಲಿನ ಬಗ್ಗೆ ಒಂದು ಮಾತಿಲ್ಲ, ನಂಗೆ ಇದೇ ತುಂಬಾ ಬೇಜಾರು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯ ಹಳದಿ ಕಲ್ಲು ಪೂರ್ತಿ ಸಮುದ್ರದ ತಳ. ಗೋಡೆ ಹತ್ರ ಹೋಗಿ ಒಂದು ಅಡಿ ದೂರದಿಂದ ನೋಡಿ, ಕತ್ತರಿಸಿದ ಮುಖದಲ್ಲಿ ಬೆಳ್ಳಗೆ ಬಿಲ್ಲಿನಂತೆ ಬಾಗಿದ ಗೆರೆಗಳು ಕಾಣ್ತವೆ, ಅವು ಚಿಪ್ಪಿನ ಅಡ್ಡಕೊಯ್ತ. ಹಳದಿ ಬಣ್ಣ ಕಬ್ಬಿಣದ ಅಂಶದಿಂದ.

ಥಾರೋಸಾರಸ್ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಹಮೀರಾ ಪದರದಲ್ಲಿ, ಜೇಠ್‌ವಾಯಿ ಹಳ್ಳಿ ಹತ್ರ. 2018ರಲ್ಲಿ ಜಿಯಲಾಜಿಕಲ್ ಸರ್ವೆಯವರು ಶುರು ಮಾಡಿದ ಹುಡುಕಾಟ, ರೂರ್ಕಿ ಐಐಟಿಯವರ ಜೊತೆ ಸೇರಿ ಅಧ್ಯಯನ ಮಾಡಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ್ರು. 16.7 ಕೋಟಿ ವರ್ಷ. ಉದ್ದ ಕತ್ತಿನ ಸಸ್ಯಾಹಾರಿಗಳಲ್ಲಿ ಡೈಕ್ರಿಯೋಸಾರಿಡ್ ಅಂತ ಒಂದು ಕುಟುಂಬ, ಆ ಕುಟುಂಬದಲ್ಲಿ ಇಡೀ ಪ್ರಪಂಚದಲ್ಲಿ ಇದೇ ಅತ್ಯಂತ ಹಳೇದು. ಇದಕ್ಕೂ ಮುಂಚೆ ಆ ಪಟ್ಟ ಚೀನಾದ ಒಂದು ಡೈನೋಸಾರ್‌ಗಿತ್ತು. ಈ ಗುಂಪು ಭಾರತದ ಕಡೆನೇ ಹುಟ್ಟಿ ಬೇರೆ ಕಡೆ ಹರಡಿರ್ಬಹುದು ಅನ್ನೋ ವಾದ ಅದರಿಂದ ಬಲವಾಗಿದೆ. ಸಿಕ್ಕಿದ್ದು ಬೆನ್ನುಮೂಳೆ ಸರಣಿಯ ತುಂಡುಗಳು, ಒಂದು ಪಕ್ಕೆಲುಬು, ಹೀಗೆ, ಪೂರ್ತಿ ಅಸ್ಥಿಪಂಜರ ಅಲ್ಲ. ಸ್ಥಳದಲ್ಲಿ ನೋಡೋಕೆ ಏನೂ ಇಟ್ಟಿಲ್ಲ, ಅದನ್ನ ಮಗಳಿಗೆ ಈಗ್ಲೇ ಹೇಳಿಬಿಡಿ.

ಗಾಳಿಗಂಬ

ನಾನು ಗಾಳಿ ವಿದ್ಯುತ್ ಪ್ರಾಜೆಕ್ಟ್‌ನಲ್ಲಿ ಜೈಸಲ್ಮೇರ್‌ನಲ್ಲಿದ್ದೆ, ಅಕಲ್ ಸುತ್ತಮುತ್ತ ಕೆಲಸ. ಅರ್ಧ ದಿನ ಬೇಡ, ಎರಡು ಗಂಟೆ ಧಾರಾಳ, ಆದ್ರೆ ಖಂಡಿತ ಹೋಗಿ. ಬಾರ್ಮೇರ್ ರೋಡಲ್ಲಿ 17 ಕಿಲೋಮೀಟರ್, ಮೇನ್ ರೋಡಿಂದ ಸ್ವಲ್ಪ ಒಳಗೆ. 21 ಹೆಕ್ಟೇರ್ ಬೋಳು ಗುಡ್ಡ, ನೆರಳು ಅನ್ನೋದು ಇಲ್ಲ, ದಿಕ್ಕು ದಿಕ್ಕಿಗೆ ದಿಮ್ಮಿಗಳು ಅಡ್ಡ ಮಲಗಿವೆ, ಅದರಲ್ಲಿ ಉದ್ದದ್ದು 13 ಮೀಟರ್. ದೊಡ್ಡವಕ್ಕೆಲ್ಲಾ ಕಬ್ಬಿಣದ ಜಾಲರಿ ಹಾಕಿ ಮೇಲೆ ತಗಡಿನ ಸೂರು ಮಾಡಿದಾರೆ, ಅದರಿಂದ ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ತುಂಬಾ ಜನ ಅದಕ್ಕೇ ನಿರಾಸೆ ಆಗಿ ಹತ್ತು ನಿಮಿಷದಲ್ಲಿ ವಾಪಸ್ ಕಾರು ಹತ್ತಿಬಿಡ್ತಾರೆ. ಹಾಗೆ ಮಾಡ್ಬೇಡಿ. ಜಾಲರಿ ಪಕ್ಕ ಕೂತ್ಕೊಂಡು ನೋಡಿ, ಮರದ ನಾರು ಉದ್ದುದ್ದಕ್ಕೆ ಹೋಗಿರೋ ಗೆರೆ ಹಾಗೇ ಇದೆ, ಕೆಲವು ಕಡೆ ಗಂಟು ಕೂಡ, ಬಣ್ಣ ಒಂದು ಕಡೆ ಕಂದು, ಒಂದು ಕಡೆ ಕೆಂಪು, ಒಂದು ಕಡೆ ಬೂದು. ದೂರದಿಂದ ಸೌದೆ ಅನ್ಸುತ್ತೆ, ಹತ್ರ ಹೋದ್ರೆ ಅಪ್ಪಟ ಕಲ್ಲು.

ಬೆಳಿಗ್ಗೆ ಹೊತ್ತು ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಆ ಗೆರೆಗಳು ಚೆನ್ನಾಗಿ ಎದ್ದು ಕಾಣ್ತವೆ. ನೀರು ತಗೊಂಡು ಹೋಗೋದು ಮರೀಬೇಡಿ, ಅಲ್ಲಿ ಅಂಗಡಿ ನಂಬ್ಕೊಂಡು ಹೋಗೋ ಹಾಗಿಲ್ಲ.

ಶಿಲಾಪದರ

@ಗಾಳಿಗಂಬ ಸರಿಯಾಗಿ ಹೇಳಿದ್ರಿ. ಹೇಗೆ ಕಲ್ಲಾಯ್ತು ಅಂತ ಮಗಳು ಕೇಳೇ ಕೇಳ್ತಾಳೆ, ಅದಕ್ಕೆ ಸೇರಿಸ್ತೀನಿ. ಮರ ಬಿದ್ದು ಹಾಗೇ ಗಾಳಿಗೆ ಬಿಟ್ಟಿದ್ರೆ ಹುಳ, ಬೂಸ್ಟು ತಿಂದು ಮುಗಿಸ್ತಿದ್ವು. ಇಲ್ಲಿ ನದಿ ಮರಳು ಬೇಗ ಮುಚ್ಚಿತು, ಒಳಗೆ ಆಕ್ಸಿಜನ್ ಇಲ್ಲ, ಕೊಳೆಯೋದು ನಿಧಾನ ಆಯ್ತು, ಅಷ್ಟರಲ್ಲಿ ಮರಳಿನ ಸಂದಿಲಿ ಹರಿಯೋ ನೀರಲ್ಲಿ ಕರಗಿದ್ದ ಸಿಲಿಕಾ ಮರದ ಒಂದೊಂದೇ ಜೀವಕೋಶದ ಒಳಗೆ ಹೋಗಿ ಕೂತು ಅದೇ ಆಕಾರದಲ್ಲಿ ಗಟ್ಟಿಯಾಯ್ತು. ಮರ ಹೋಯ್ತು, ಮರದ ನಕ್ಷೆ ಉಳೀತು. ಕೆಂಪು ಕಂದು ಬಣ್ಣ ಕಬ್ಬಿಣದಿಂದ. ಇವು ಹೂ ಬಿಡೋ ಮರಗಳಲ್ಲ, ಪೈನ್ ಕಡೆಯ, ಬೀಜ ಬಯಲಲ್ಲೇ ಇರೋ ಜಾತಿಯವು, ಹೂವಿನ ಗಿಡಗಳ ಕಾಲ ಅದಿನ್ನೂ ಅಲ್ಲ.

ಮತ್ತೆ ಇದೇ ಲಾಠಿ ಕಲ್ಲು ಈಗ ಜೈಸಲ್ಮೇರ್ ಜಿಲ್ಲೆಗೆ ನೀರು ಕೊಡ್ತಿರೋ ಮುಖ್ಯ ಪದರಗಳಲ್ಲಿ ಒಂದು. ಚಾಂದನ್ ಕಡೆ ಬೋರ್‌ವೆಲ್‌ಗಳು ಇಳಿದಿರೋದು ಅದಕ್ಕೇ. ಜುರಾಸಿಕ್ ನದಿ ಹಾಕಿದ ಮರಳಿನ ಸಂದಿಲಿ ನೀರು ನಿಂತಿದೆ, ಆ ಬರಡು ನೆಲದ ಜನ, ದನಕರು ಅದನ್ನ ಕುಡೀತಾರೆ. ಇದು ಯಾವ ಮ್ಯೂಸಿಯಂನಲ್ಲೂ ಬರೆದಿರಲ್ಲ, ಆದ್ರೆ ನಂಗೆ ಆ ಮರದ ದಿಮ್ಮಿಗಿಂತ ದೊಡ್ಡ ವಿಷಯ ಅನ್ಸುತ್ತೆ.

ಸೇಡಂ_ಶರಣ

ನಮಸ್ಕಾರ್ರಿ. ಭಾಳ ಛಲೋ ಚರ್ಚಾ ನಡದದ. ನಂದೊಂದು ಪ್ರಶ್ನಿ. ನಮ್ಮ ಕಡಿ ಶಹಾಬಾದಿ ಫರಸಿ ಕಲ್ಲು ಅಂದ್ರೂ ಸುಣ್ಣಕಲ್ಲೇ ಅದ, ಪದರ ಪದರ ಬಿಚ್ಚತದ, ಅದೂ ಸಮುದ್ರದ ತಳಾನೇ ಅಂತ ಸಾಲ್ಯಾಗ ಹೇಳ್ಯಾರ. ಸಣ್ಣಾಂವ ಇದ್ದಾಗಿಂದ ಖಣಿ ನೋಡಕೋತ ಬೆಳದೀನಿ, ಒಂದು ಚಿಪ್ಪು, ಒಂದು ಮೀನ ಮುಳ್ಳು ಸೈತ ಕಂಡಿಲ್ಲ. ಅಲ್ಲಿ ಕೋಟಿ ಗ್ವಾಡಿ ತುಂಬ ಚಿಪ್ಪು ಅಂತೀರಿ, ನಮ್ಮಲ್ಲಿ ಯಾಕ ಇಲ್ರಿ?

ಶಿಲಾಪದರ

@ಸೇಡಂ_ಶರಣ ಪ್ರಶ್ನೆ ಅಂದ್ರೆ ಇದು. ಶಹಾಬಾದ್ ಕಲ್ಲು ಇರೋ ಭೀಮಾ ಬೇಸಿನ್ ಜೈಸಲ್ಮೇರ್‌ಗಿಂತ ಎಷ್ಟೋ ಹಳೇದು, ಪ್ರಾಣಿಗಳಿಗೆ ಗಟ್ಟಿ ಚಿಪ್ಪು ಬರೋದಕ್ಕಿಂತ ಮುಂಚಿನ ಸಮುದ್ರ ಅದು. ಚಿಪ್ಪು ಹೇರಳವಾಗಿ ಕಾಣಿಸ್ಕೊಳ್ಳೋದು 54 ಕೋಟಿ ವರ್ಷದಿಂದ ಈಚೆಗೆ. ಅಂದ್ರೆ ಸಮುದ್ರ ಇತ್ತು, ಸುಣ್ಣ ಇತ್ತು, ಚಿಪ್ಪು ಮಾಡೋ ಜೀವಿ ಹುಟ್ಟಿರಲಿಲ್ಲ.

ಕರ್ನಾಟಕದ ಬಹುಪಾಲು ಕಲ್ಲು ಅದಕ್ಕಿಂತಲೂ ಹಳೇದು. ಬೆಂಗಳೂರು ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಚಿತ್ರದುರ್ಗ ಪಟ್ಟಿಲಿ ಸಿಗೋ ಸ್ಟ್ರೊಮ್ಯಾಟೊಲೈಟ್ ಅನ್ನೋ ಅಲೆ ಅಲೆ ಸುಣ್ಣದ ಪದರ 250 ಕೋಟಿ ವರ್ಷಕ್ಕೂ ಹಿಂದಿನದು, ಅದನ್ನ ಕಟ್ಟಿದ್ದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಆಮೇಲೆ 6.6 ಕೋಟಿ ವರ್ಷದ ಹಿಂದೆ ಡೆಕ್ಕನ್ ಲಾವಾ ಬಂದು ನಿಮ್ಮ ಉತ್ತರದ ಜಿಲ್ಲೆಗಳ ಮೇಲೆ ಹಾಸ್ಕೊಳ್ತು. ಮಧ್ಯದ ಜುರಾಸಿಕ್ ಪುಟಗಳು ನಮ್ಮಲ್ಲಿ ಇಲ್ಲ.

ಆದ್ರೆ ನಿಮಗೆ ಹೈದರಾಬಾದ್ ಹತ್ರ ಅಲ್ವಾ, ಅಲ್ಲಿ ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ಕೋಟಾಸಾರಸ್ ಅಸ್ಥಿಪಂಜರ ನಿಲ್ಲಿಸಿದಾರೆ, ಗೋದಾವರಿ ಕಣಿವೆಯ ಕೋಟಾ ಫಾರ್ಮೇಶನ್‌ನದು, ಲಾಠಿ ಥರಾನೇ ಜುರಾಸಿಕ್ ಶುರುವಿನ ಸಸ್ಯಾಹಾರಿ. @ಅಲೆಮಾರಿ_ಮೈಸೂರು ನಿಮ್ಮ ಮಗಳಿಗೂ ಇದೇ ಹೇಳ್ತೀನಿ, ನಿಂತಿರೋ ಡೈನೋಸಾರ್ ನೋಡ್ಬೇಕಂದ್ರೆ ಹೈದರಾಬಾದ್, ಅವು ಬದುಕಿದ ನೆಲ ನೋಡ್ಬೇಕಂದ್ರೆ ಜೈಸಲ್ಮೇರ್.

ಕೃಷ್ಣಾರ್ಪಣ_ಉಡುಪಿ

ಟೆಥಿಸ್ ಹೆಸರು ಬಂತಲ್ಲ, ಅದಕ್ಕೆ ಒಂದು ಮಾತು ಹೇಳುವಾ ಅಂತ. ನಮ್ಮ ಮನೆಯಲ್ಲಿ ತಲೆಮಾರಿನಿಂದ ಪೂಜೆ ಮಾಡಿಕೊಂಡು ಬಂದ ಸಾಲಿಗ್ರಾಮ ಉಂಟು, ಒಳಗೆ ಚಕ್ರ. ನೇಪಾಳದ ಗಂಡಕಿ ನದಿಯದ್ದು. ಅದು ಅಮೋನೈಟ್ ಎನ್ನುವ ಜೀವಿಯ ಚಿಪ್ಪು, ಆ ಜೀವಿ ಇದ್ದದ್ದೂ ಟೆಥಿಸ್ ಸಮುದ್ರದಲ್ಲೇ, ತಳದ ಕೆಸರು ಹಿಮಾಲಯದ ಜೊತೆ ಮೇಲೆ ಬಂದು ನದಿಯಲ್ಲಿ ಉರುಳಿ ಉರುಳಿ ನಮಗೆ ಸಿಗುವುದು ಅಂತ ಓದಿದ್ದೇನೆ. ನನ್ನ ಭಕ್ತಿಗೆ ಅದರಿಂದ ಏನೂ ಕಡಿಮೆ ಆಗ್ಲಿಲ್ಲ, ಹೆಚ್ಚೇ ಆಯ್ತು, ಅಷ್ಟು ಹಳೆಯ ವಸ್ತುವಿಗೆ ದಿನಾ ತುಳಸಿ ಏರಿಸ್ತೇನಲ್ಲ ಅಂತ. ಜೈಸಲ್ಮೇರ್‌ನಲ್ಲಿ ಅಂಥದ್ದು ಸಿಗ್ತದಾ?

ಶಿಲಾಪದರ

@ಕೃಷ್ಣಾರ್ಪಣ_ಉಡುಪಿ ಸಿಗುತ್ತೆ, ಅದೇ ಸಮುದ್ರದ ಇನ್ನೊಂದು ದಡ ಅಂದ್ಕೊಳ್ಳಿ. ಕುಲಧರಾ ಅಂದ ತಕ್ಷಣ ಎಲ್ರೂ ದೆವ್ವದ ಊರು, ಶಾಪ ಅಂತ ವಿಡಿಯೋ ಮಾಡ್ತಾರೆ. ಆ ಊರಿನ ಹತ್ರದ ಕುಲ್ಧರ್ ಪದರ ಅಮೋನೈಟ್‌ಗೆ ಹೆಸರುವಾಸಿ, ಅದರ ಸುಣ್ಣಕಲ್ಲಿನಲ್ಲಿ ಸಾಸಿವೆಗಿಂತ ಚಿಕ್ಕ ಹಳದಿ ಗುಂಡುಗಳು ಇರುತ್ತೆ, ಊಲೈಟ್ ಅಂತಾರೆ, ಅಲೆಗೆ ಆ ಕಡೆ ಈ ಕಡೆ ಉರುಳುವಾಗ ಒಂದು ಕಣದ ಸುತ್ತ ಪದರ ಕಟ್ಕೊಂಡು ಆಗಿರೋದು. ಲೆನ್ಸ್ ಇಟ್ಟು ನೋಡಿದ್ರೆ ಚಿನ್ನದ ಕಾಳು ಚೆಲ್ಲಿದ ಥರ ಹೊಳೀತವೆ.

ಶಾರ್ಕ್ ವಿಷಯ ಬಿಟ್ಟುಹೋಗಿತ್ತು. ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್ ಅಂತ ಹೆಸರು, 2021ರಲ್ಲಿ ಪ್ರಕಟ ಆಗಿದ್ದು, ಸಿಕ್ಕಿದ್ದು ಹಲ್ಲುಗಳು. ಶಾರ್ಕ್ ಅಂದ್ರೆ ಚೂಪು ಹಲ್ಲು ಅಂತ ನಮ್ಮ ತಲೇಲಿದೆ, ಇದಕ್ಕೆ ಚಪ್ಪಟೆ ಹಲ್ಲು, ಚಿಪ್ಪು ಅರೆಯೋಕೆ. ಆ ಸಮುದ್ರದ ತುಂಬಾ ಚಿಪ್ಪು ಇತ್ತಲ್ಲ, ಅದನ್ನ ತಿನ್ನೋನೂ ಇದ್ದ ಅಂತ ಲೆಕ್ಕ ಸರಿಹೋಯ್ತು. ಈ ಹೈಬೊಡಾಂಟ್ ಅನ್ನೋ ಇಡೀ ವಂಶನೇ ಡೈನೋಸಾರ್ ಕಾಲದ ಜೊತೆಗೆ ಮುಗಿದುಹೋಯ್ತು.

ಡೇರಿ_ಟೆಕ್

ಹಾಬೂರ್ ಬಟ್ಟಲಿನ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ, ನನ್ನ ಕೆಲಸನೇ ಹಾಲಿನದು. ಹಾಲು ಮೊಸರಾಗೋದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ, ಅದು ಹಾಲಿನ ಸಕ್ಕರೆ ತಿಂದು ಆಮ್ಲ ಮಾಡುತ್ತೆ, ಆಮ್ಲಕ್ಕೆ ಪ್ರೋಟೀನ್ ಗಟ್ಟಿಯಾಗುತ್ತೆ. ಕಲ್ಲಿಗೆ ಆ ಕೆಲಸ ಮಾಡೋ ಶಕ್ತಿ ಇಲ್ಲ. ಹಾಬೂರ್ ಅನ್ನೋದು ಸುಣ್ಣದ ಅಂಶದ ಕಲ್ಲು, ಸುಣ್ಣ ಏನಾದ್ರೂ ಮಾಡಿದ್ರೆ ಆಮ್ಲವನ್ನ ತಗ್ಗಿಸುತ್ತೇ ಹೊರತು ಹೆಚ್ಚಿಸಲ್ಲ. ಹಸಿ ಹಾಲು ಬೆಚ್ಚಗಿನ ಊರಲ್ಲಿ ರಾತ್ರಿಯಿಡೀ ಇಟ್ರೆ ತನ್ನೊಳಗಿನ ಬ್ಯಾಕ್ಟೀರಿಯಾದಿಂದ್ಲೇ ಒಡೆಯುತ್ತೆ, ಮತ್ತೆ ದಿನಾ ಮೊಸರು ಮಾಡಿದ ಬಟ್ಟಲಿನ ಸಣ್ಣ ರಂಧ್ರಗಳಲ್ಲಿ ನೆನ್ನೆಯ ಹೆಪ್ಪು ಉಳ್ಕೊಂಡಿರುತ್ತೆ, ನಮ್ಮ ಅಜ್ಜಿಯರ ಮೊಸರಿನ ಮಡಕೆಲೂ ಅದೇ ಆಗ್ತಿದ್ದಿದ್ದು. ಪರೀಕ್ಷೆ ಮಾಡ್ಬೇಕಂದ್ರೆ ಹೊಸ ಬಟ್ಟಲನ್ನ ಕುದಿಯೋ ನೀರಲ್ಲಿ ತೊಳೆದು, ಚೆನ್ನಾಗಿ ಕಾಯಿಸಿ ಆರಿಸಿದ ಹಾಲು ಹಾಕಿ, ಪಕ್ಕದಲ್ಲೇ ಸ್ಟೀಲ್ ಲೋಟದಲ್ಲೂ ಅದೇ ಹಾಲು ಮುಚ್ಚಿಡಿ, ಎರಡೂ ಬೆಳಿಗ್ಗೆ ನೋಡಿ. ಮಗಳ ಸೈನ್ಸ್ ಪ್ರಾಜೆಕ್ಟ್‌ಗೂ ಆಗುತ್ತೆ. ಔಷಧಿ ಗುಣ ಇದೆ ಅಂತ ಮಾರಿದ್ರೆ ದುಡ್ಡು ಕೊಡ್ಬೇಡಿ.

ಅಲೆಮಾರಿ_ಮೈಸೂರು

ಅಬ್ಬಾ, ಇಷ್ಟೊಂದು ಬರೆದಿದೀರಾ ಎಲ್ರೂ, ತುಂಬಾ ಥ್ಯಾಂಕ್ಸ್. ಮಗಳಿಗೆ ಪೂರ್ತಿ ಓದಿ ಹೇಳ್ದೆ, ಊಲೈಟ್ ಅನ್ನೋದನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡಿದಾಳೆ. ಅವಳದೊಂದು ಪ್ರಶ್ನೆ, ಅಕಲ್‌ನಲ್ಲಿ ನೆಲದ ಮೇಲೆ ಚೂರು ಚೂರು ಬಿದ್ದಿರುತ್ತಲ್ಲ, ಒಂದೇ ಒಂದು ಚಿಕ್ಕ ಚೂರು ತರ್ಬಹುದಾ ಅಂತ. ನಾನು ಬೇಡ ಅಂದೆ, ಯಾಕೆ ಅಂತ ಸರಿಯಾಗಿ ಹೇಳಕ್ಕೆ ಆಗ್ಲಿಲ್ಲ.

ಗಾಳಿಗಂಬ

ಅಕಲ್‌ನಲ್ಲಿ ಬೇಡವೇ ಬೇಡ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂದೋರು ಹೋದೋರೆಲ್ಲಾ ಒಂದೊಂದು ಚೂರು ಜೇಬಿಗೆ ಹಾಕ್ಕೊಂಡ್ರೆ ಉಳಿಯೋದು ಜಾಲರಿ ಒಳಗಿರೋದು ಮಾತ್ರ.

ಶಿಲಾಪದರ

ಇದನ್ನ ಅವಳಿಗೆ ಹೀಗೆ ಹೇಳಿ ನೋಡಿ. ಚೂರು ಕಲ್ಲಿನ ಬೆಲೆ ಅದು ಎಲ್ಲಿ ಬಿದ್ದಿತ್ತು ಅನ್ನೋದ್ರಲ್ಲಿದೆ. ಥಾರೋಸಾರಸ್ 16.7 ಕೋಟಿ ವರ್ಷದ್ದು ಅಂತ ಮೂಳೆ ಮೇಲೆ ಬರ್ದಿರಲಿಲ್ಲ, ಯಾವ ಪದರದಲ್ಲಿತ್ತು, ಆ ಪದರದ ಮೇಲೆ ಕೆಳಗೆ ಏನಿತ್ತು, ಜೊತೆಲಿ ಏನು ಸಿಕ್ತು ಅನ್ನೋದ್ರಿಂದ ವಯಸ್ಸು ಗೊತ್ತಾಗಿದ್ದು. ಅದೇ ಮೂಳೆನ ಯಾರೋ ಮೊದ್ಲೇ ಎತ್ಕೊಂಡು ಹೋಗಿ ಮನೆ ಶೋಕೇಸ್‌ನಲ್ಲಿ ಇಟ್ಟಿದ್ರೆ ಅದು ಬರೀ ವಿಚಿತ್ರ ಕಲ್ಲಾಗಿ ಉಳೀತಿತ್ತು, ಭಾರತದ ಹೆಸರು ಆ ಪಟ್ಟಿಲೇ ಬರ್ತಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಫತೇಗಢ ಕಡೆ ಮೇಘಾ ಅನ್ನೋ ಹಳ್ಳಿಲಿ ಕೆರೆ ಹತ್ರ ಅಗೀವಾಗ ಜನಕ್ಕೆ ಮೂಳೆ ಥರದ್ದು ಕಾಣಿಸ್ತು. ಅವರು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ್ರು. ಜಿಯಾಲಜಿಯವರು ಬಂದು ನೋಡಿ ಫೈಟೋಸಾರ್ ಅಂತ ಗುರುತಿಸಿದ್ರು, ಮೊಸಳೆ ಥರ ಇದ್ದ ನದಿ ಪ್ರಾಣಿ, 20 ಕೋಟಿ ವರ್ಷದ ಆಸುಪಾಸಿನದು. ಹಳ್ಳಿಯವರು ಅದನ್ನ ಒಡೆದು ಹಂಚ್ಕೊಂಡಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ನಮ್ಮ ದೇಶದಲ್ಲಿ ಫಾಸಿಲ್, ಇಂಥ ಭೂವೈಜ್ಞಾನಿಕ ಜಾಗಗಳನ್ನ ಕಾಪಾಡೋಕೆ ಒಂದು ಕಾಯ್ದೆ ಬೇಕು ಅಂತ 2022ರಲ್ಲಿ ಗಣಿ ಸಚಿವಾಲಯ ಕರಡು ಮಸೂದೆ ಹೊರಡಿಸ್ತು, ನನ್ನ ಪ್ರಕಾರ ಅದು ಎಷ್ಟು ಬೇಗ ಜಾರಿಗೆ ಬಂದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಸುಣ್ಣಕಲ್ಲಿನ ಗಣಿ, ಸೋಲಾರ್, ಹೊಸ ರಸ್ತೆ ಎಲ್ಲಾ ಅದೇ ನೆಲದ ಮೇಲೆ ಬರ್ತಿದೆ. ನಾನು ಅಭಿವೃದ್ಧಿ ಬೇಡ ಅನ್ನೋನಲ್ಲ, ಬುಲ್ಡೋಜರ್ ಹೋಗೋಕೆ ಮುಂಚೆ ಒಬ್ಬ ಜಿಯಾಲಜಿಸ್ಟ್ ಹೋಗ್ಲಿ ಅನ್ನೋನು.

ಮಗಳಿಗೆ ಏನಾದ್ರೂ ತರ್ಲೇಬೇಕಂದ್ರೆ ಸಿಟಿ ಅಂಗಡಿಲಿ ಪಾಲಿಶ್ ಮಾಡಿದ ಹಾಬೂರ್ ಕಲ್ಲಿನ ಚಿಕ್ಕ ಬಟ್ಟಲು ತಗೊಳ್ಳಿ, ಕೆಂಪುಗಂದು ಕಲ್ಲಿನ ತುಂಬಾ ಹಳದಿ ಚಿಪ್ಪಿನ ಚೂರುಗಳು, ಅಲಂಕಾರಕ್ಕೆ ಅಂತಾನೇ ಗಣಿಯಿಂದ ತೆಗೆಯೋದು. ಮೊಸರಿಗಲ್ಲ, ನೋಡೋಕೆ. ಉಳಿದಿದ್ದೆಲ್ಲಾ ಫೋಟೋ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೀಲಿ, ಎಲ್ಲಿ ಯಾವಾಗ ಅಂತ ಬರ್ದಿಡ್ಲಿ, ನಾವು ಫೀಲ್ಡ್‌ನಲ್ಲಿ ಮಾಡೋದೂ ಅದನ್ನೇ.

ಅಲೆಮಾರಿ_ಮೈಸೂರು

ಇದು ಅವಳಿಗೆ ಅರ್ಥ ಆಯ್ತು, ಸ್ಕೇಲ್ ಐಡಿಯಾ ತುಂಬಾ ಹಿಡಿಸ್ತು. ಸಮ್ ಟೆಂಟ್‌ನಲ್ಲಿ ಎರಡು ರಾತ್ರಿ ಇತ್ತು, ಒಂದು ಕಮ್ಮಿ ಮಾಡಿಸಿ ಬೆಳಿಗ್ಗೆ ಅಕಲ್, ಮಧ್ಯಾಹ್ನ ಕುಲಧರಾ ಅಂತ ಟೂರ್‌ನವರಿಗೆ ಹೇಳಿದೀನಿ. ಲೆನ್ಸ್ ಅಂದ್ರಲ್ಲ, ಎಂಥದ್ದು ತಗೋಬೇಕು?

ಶಿಲಾಪದರ

10 ಪಟ್ಟು ದೊಡ್ಡದಾಗಿ ಕಾಣಿಸೋ ಮಡಚೋ ಲೆನ್ಸ್, ಒಡವೆ ಅಂಗಡಿಯವರು ಬಳಸ್ತಾರಲ್ಲ ಅದೇ. ದಾರ ಕಟ್ಟಿ ಕತ್ತಿಗೆ ಹಾಕ್ಕೊಳ್ಳಕ್ಕೆ ಹೇಳಿ. ಲೆನ್ಸ್ ಕಣ್ಣಿಗೆ ಒತ್ತಿ ಹಿಡಿದು ಮುಖವನ್ನೇ ಕಲ್ಲಿನ ಹತ್ರ ತಗೊಂಡು ಹೋಗ್ಬೇಕು, ಬೆನ್ನ ಹಿಂದಿಂದ ಬೆಳಕು ಬೀಳ್ಬೇಕು. ಕೋಟೆ ಗೋಡೆಲಿ ಶುರು ಮಾಡ್ಲಿ.